ಮಂಗನ ಪ್ರಾಣ, ಯಂಕೋಬನ ಮೀಸೆ

“ಇದರ ಬಾಯಾಗ ಒಂದೀಟು ನೀರು ಬಿಡೋರು ಯಾರರ ಅದಾರೇನು?”

ಅಂಬಪ್ಪನವರು ಇದನ್ನು ಯಾರನ್ನೂ ಕೇಳಲಿಲ್ಲ. ಮಸ್ಕಿ ಬಜಾರಿನ ಕರೆಂಟ್ ಕಂಬದ ತುದಿಯನ್ನು ನೋಡುತ್ತ ಗಾಳಿಗೆ ಕೇಳಿದರು. ಕಂಬದ ಬುಡದಲ್ಲಿ ದೊಡ್ಡದೊಂದು ಗಂಡು ಮಂಗ ಕೈಕಾಲು ಚೆಲ್ಲಿ ಮಲಗಿತ್ತು. ಎಳೆಬಿಸಿಲು ಕಾಯಿಸಿಕೊಳ್ಳಲೆಂದು ಮೇಲೆ ಹತ್ತಿ, ತಂತಿಗೆ ಕೈ ತಾಗಿಸಿ, ಜೋಳದ ಚೀಲದಂತೆ ದೊಪ್ಪನೆ ಬಿದ್ದಿತ್ತು. ಅಂಬಪ್ಪನವರ ಮಾತು ಕಿವಿಗೆ ಬಿದ್ದದ್ದೇ ತಡ, ಸುತ್ತ ನಿಂತಿದ್ದ ಗುಂಪು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಒಬ್ಬನಿಗೆ ಕೆಮ್ಮು ಬಂತು. ಇನ್ನೊಬ್ಬನಿಗೆ ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಯಿತು.

ಹಿಂದೆ ಸರಿಯದೆ ಉಳಿದವನು ಸೈಕಲ್ ಶಾಪಿನ ಯಂಕೋಬ ಒಬ್ಬನೇ. ಅವನ ಕರುಳು ಮೆತ್ತಗೆ, ಮುಂದಾಲೋಚನೆ ಅದಕ್ಕಿಂತ ಮೆತ್ತಗೆ. ಪಂಕ್ಚರ್ ನೋಡುವ ಬೋಗುಣಿಯಿಂದಲೇ ಬೊಗಸೆ ನೀರು ತಂದು ಮಂಗನ ಬಾಯಿಗೆ ಬಿಟ್ಟ. ಟ್ಯೂಬಿನಿಂದ ಗಾಳಿ ಹೋದಂತೆ ಗುಂಪು ಒಟ್ಟಿಗೇ ಉಸ್ಸೆಂದಿತು.

“ಪುಣ್ಯಾ ಕಟಿಗೊಂಡಿ ಯಂಕೋಬ. ಇನ್ನ ಇದಕ್ಕ ನೀನೇ ಮಗ,” ಎಂದರು ಅಂಬಪ್ಪನವರು.

ಅವರು ಹನುಮಪ್ಪನ ಗುಡಿಯಲ್ಲಿ ಶ್ರಾವಣವಿಡೀ ಪುರಾಣ ಓದುವವರು. ಅವರ ಮಾತಿಗೆ ಬಜಾರಿನಲ್ಲಿ ಅಪೀಲು ಇರಲಿಲ್ಲ. ಮಂಗ ಸತ್ತರೆ ಮನುಷ್ಯರಿಗೆ ಮಾಡುವ ಕಾರ್ಯವೆಲ್ಲ ಅದಕ್ಕೂ ಆಗಬೇಕು, ಕೊನೆಯ ನೀರು ಬಿಟ್ಟವನೇ ಮಗ, ಮಗನಾದವನು ಅಂದೇ ತಲೆ ಮೀಸೆ ಎರಡನ್ನೂ ತೆಗೆಸಿ ಹೆಣದ ಮುಂದೆ ನಡೆಯಬೇಕು ಎಂದು ಅವರು ನಿಧಾನವಾಗಿ, ರಾಗವಾಗಿ, ಪುರಾಣದ ಅರ್ಥ ಹೇಳುವಂತೆಯೇ ಬಿಡಿಸಿ ಹೇಳಿದರು. ಎದುರಿನ ಕಟಿಂಗ್ ಶಾಪಿನ ಗೋಪಣ್ಣ ಇಷ್ಟು ಕೇಳಿದವನೇ ಒಳಗೆ ಹೋಗಿ ಕತ್ತಿ ಮಸೆಯತೊಡಗಿದ.

ಆ ಸಪ್ಪಳಕ್ಕೆ ಯಂಕೋಬನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಅದೇನು ಸಾಮಾನ್ಯ ಮೀಸೆಯಲ್ಲ. ಅದು ಬರುವ ಮೊದಲು ಅವನನ್ನು ನೋಡಿದ ಹೆಣ್ಣಿನ ಕಡೆಯವರೆಲ್ಲ, ಇನ್ನೂ ಸಾಲಿ ಹುಡುಗ ಇದ್ದಂಗ ಕಾಣ್ತಾನ ಎಂದು ಚಹಾ ಕುಡಿದು ಎದ್ದು ಹೋಗಿದ್ದರು. ಹಟ ಹಿಡಿದು, ಹರಳೆಣ್ಣೆ ಹಚ್ಚಿ, ಕೂಸನ್ನು ಸಾಕಿದಂತೆ ಸಾಕಿದ ಮೇಲೆ ಪಾಮನಕಲ್ಲೂರಿನ ಆದಮ್ಮ ಬಾಗಿಲ ಸಂದಿಯಿಂದ ನೋಡಿ, ಮೀಸಿ ಚಂದ ಐತಿ ಎಂದು ಅತ್ತಿಗೆಯ ಮುಂದೆ ಅಂದಿದ್ದಳು. ಅವನ ಬಗ್ಗೆ ಬೇರೇನೂ ಅಂದಿರಲಿಲ್ಲ. ನಾಳೆ ಅವಳ ಕಡೆಯವರು ಮದುವೆ ಗೊತ್ತುಮಾಡುವ ಸಕ್ಕರೆ ಶಾಸ್ತ್ರಕ್ಕೆ ಬರುವವರಿದ್ದರು.

ಯಂಕೋಬ ಮಂಗನ ಎದೆಗೆ ಕಿವಿಯಿಟ್ಟ. ಒಳಗೆ ಎಲ್ಲೋ ದೂರದಲ್ಲಿ ಹಿಟ್ಟಿನ ಗಿರಣಿ ನಡೆದಂತೆ ಡುಗುಡುಗು ಎನ್ನುತ್ತಿತ್ತು.

“ಇನ್ನ ಸತ್ತಿಲ್ರಿ ಇದು!”

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಬಿದಿರು ತರಲು ಹೋಗಿದ್ದ, ಒಬ್ಬ ಹೂವು ತರಲು. ಭಜನೆಯವರು ಆಗಲೇ ತಾಳ ತಂದು ಶ್ರುತಿ ನೋಡುತ್ತಿದ್ದರು. ಸಾಯ್ತದ ತಡಿ, ಅವಸರ ಯಾಕ ಎಂದು ಅವರಲ್ಲೊಬ್ಬ ಯಂಕೋಬನಿಗೇ ಸಮಾಧಾನ ಹೇಳಿದ.

ಅಷ್ಟರಲ್ಲಿ ಅವನ ತಾಯಿ ಮುದುಕಮ್ಮ ಸುದ್ದಿ ಕೇಳಿ ಓಡಿ ಬಂದಳು. ಹನುಮಪ್ಪನಿಗೆ ಕೈ ಮುಗಿಯದೆ ಒಲೆ ಹಚ್ಚದ ಹೆಂಗಸು. ಮಗ ಅವಳ ಸೆರಗು ಹಿಡಿದು ಅತ್ತೇಬಿಟ್ಟ.

“ಒಂದು ಮೀಸಿ ಸಲುವಾಗಿ ಹಿಂಗ ಅಳ್ತಾರೇನಲೇ?”

“ಅದು ನನ್ನ ಪ್ರಾಣಾ ಐತಿ ಬೇ ಅವ್ವಾ. ಪ್ರಾಣಕ್ಕಿಂತ ಒಂದು ಕೈ ಮ್ಯಾಲ.”

ಮುದುಕಮ್ಮ ಮಗನ ಮುಖ ನೋಡಿದಳು, ಮಂಗನ ಮುಖ ನೋಡಿದಳು. “ನೀ ಇದನ್ನ ದವಾಖಾನಿಗೆ ಒಯ್ಯಿ. ಉಳಿದದ್ದು ನಾ ನೋಡ್ಕೋತೀನಿ,” ಎಂದು ಸೆರಗು ಸಿಕ್ಕಿಸಿ ನೇರ ಗುಡಿಯ ಕಡೆ ನಡೆದುಬಿಟ್ಟಳು.

ಮಸ್ಕಿಯ ದನದ ದವಾಖಾನೆಗೆ ಬೀಗ ಬಿದ್ದಿತ್ತು. ಡಾಕ್ಟರು ಲಿಂಗಸುಗೂರಿನಲ್ಲಿದ್ದಾರೆಂದು ತಿಳಿಯಿತು. ಅಂದು ಲಕ್ಷ್ಮಣನಿಗಾಗಿ ಬೆಟ್ಟ ಹೊತ್ತು ತಂದವನ ಕುಲವೇ ಇಂದು ಮೂರ್ಛೆ ಹೋಗಿ ಮಲಗಿದರೆ ಹೊತ್ತೊಯ್ಯುವವರು ಯಾರು? ಜಿಲಾನಿಸಾಬ್ ಹೊತ್ತ. ಅವನ ಬಾಡಿಗೆ ಟ್ರ್ಯಾಕ್ಸ್ ಜೀಪು ಸಿಂಧನೂರಿನ ಸೀಟು ತುಂಬಿಕೊಳ್ಳುತ್ತ ನಿಂತಿತ್ತು. ಮಂಗನನ್ನು ಕಂಡದ್ದೇ ಎಲ್ಲರನ್ನೂ ಇಳಿಸಿ ಗಾಡಿ ತಿರುಗಿಸಿದ. ಯಂಕೋಬ ನಾಳೆಗೆಂದು ಹೊಲಿಸಿದ್ದ ಹೊಸ ಅಂಗಿಯಲ್ಲಿ ಮಂಗನನ್ನು ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡ. ದಾರಿಯಲ್ಲಿ ಹೆಚ್ಚುಕಡಿಮೆಯಾದರೆ ಮಗ ಒಬ್ಬನೇ ಏನು ಮಾಡಿಯಾನು ಎಂದು ಅಂಬಪ್ಪನವರು ಹತ್ತಿದರು, ಅವರ ಹಿಂದೆ ಭಜನೆಯವರು ಹತ್ತಿದರು, ಕೊನೆಗೆ ಪೆಟ್ಟಿಗೆ ಹಿಡಿದು ಗೋಪಣ್ಣನೂ ಹತ್ತಿದ.

“ನೀ ಯಾಕೋ?” ಎಂದ ಯಂಕೋಬ.

“ನೀ ಲಿಂಗಸುಗೂರಾಗ ಬ್ಯಾರೆ ಯಾರ ಕಡೀಗರ ಮಾಡಿಸಿದ್ರ ನನ್ನ ಮರ್ಯಾದಿ ಏನುಳೀತದ?” ಎಂದ ಗೋಪಣ್ಣ.

ಗಾಡಿ ತಗ್ಗಿಗೆ ಇಳಿದಾಗಲೆಲ್ಲ ಮಂಗನ ತಲೆ ಒಮ್ಮೆ, ಯಂಕೋಬನ ಎದೆ ಒಮ್ಮೆ ಹಾರುತ್ತಿತ್ತು. ಕೊನೆಯ ನೀರು ಬಿಟ್ಟವನೇ ಮಗನಾದರೆ, ತನ್ನ ಮೇಲೆ ಇನ್ನೊಬ್ಬರು ಬಿಟ್ಟರೆ ಮಗನ ಪಟ್ಟ ಅವರಿಗೆ ಹೋಗುತ್ತದಲ್ಲ ಎಂದು ಅವನಿಗೆ ಥಟ್ಟನೆ ಹೊಳೆಯಿತು. ನೀರಿನ ಬಾಟಲಿ ಹಿಡಿದು ಒಬ್ಬೊಬ್ಬರನ್ನೇ ಅಂಗಲಾಚಿದ. ಎಲ್ಲರ ಕೈಗಳೂ ಕಂಕುಳಿಗೆ ಸೇರಿದವು. ಜಿಲಾನಿಸಾಬ್ ಮಾತ್ರ ನೊಂದುಕೊಂಡ.

“ನಾ ಬಿಡ್ತಿದ್ದೆ ಭಾಯಿ. ಏನ್ ಮಾಡ್ಲಿ, ಎರಡೂ ಕೈ ಸ್ಟೇರಿಂಗ್ ಮ್ಯಾಲ ಅದಾವ.”

ಅಷ್ಟರಲ್ಲಿ ಭಜನೆಯವರು ಸಣ್ಣ ದನಿಯಲ್ಲಿ ಹೆಣ ಸಾಗಿಸುವಾಗ ಹಾಡುವ ಹಾಡನ್ನೇ ಎತ್ತಿಕೊಂಡರು. ಯಂಕೋಬ ಬೇಡಿಕೊಂಡ ಮೇಲೆ ತೊಟ್ಟಿಲ ಹಾಡಿಗೆ ಬದಲಾಯಿಸಿದರು. ತಾಳ ಮಾತ್ರ ಹಳೆಯದೇ ಉಳಿಯಿತು.

ಲಿಂಗಸುಗೂರಿನ ದವಾಖಾನೆಯಲ್ಲಿ ಎಮ್ಮೆ ಎತ್ತುಗಳ ಸಾಲು ಇತ್ತು. ಹನುಮಪ್ಪ ಬಂದಾನ ಎಂದು ರೈತರು ದನಗಳನ್ನು ಬದಿಗೆ ಸರಿಸಿ ದಾರಿ ಬಿಟ್ಟರು. ಒಬ್ಬ ಮಂಗನ ಹಣೆಗೆ ಕುಂಕುಮ ಇಟ್ಟ. ಇನ್ನೊಬ್ಬ ಗೊತ್ತಾಗದೆ ಯಂಕೋಬನ ಹಣೆಗೂ ಇಟ್ಟ. ಡಾಕ್ಟರು ಎದೆ ನೋಡಿದರು, ಬಾಯಿ ನೋಡಿದರು, ಮೂಗಿನಿಂದ ಇಳಿಯುತ್ತಿದ್ದ ನೀರು ನೋಡಿ ಕೆಂಡವಾದರು. “ಮೂರ್ಛಿ ಹೋದದ್ದರ ಬಾಯಾಗ ನೀರು ಹಾಕಿದವ ಯಾವನು? ಶ್ವಾಸಕೋಶಕ್ಕ ಹೋದ್ರ ಕರೆಂಟಿಗೆ ಬದುಕಿದ್ದು ನೀರಿಗೆ ಸಾಯ್ತದ.” ಎಲ್ಲರ ಬೆರಳೂ ಯಂಕೋಬನತ್ತ ತಿರುಗಿದವು. ಅಂಬಪ್ಪನವರದೂ ತಿರುಗಿತು.

ಡಾಕ್ಟರು ಮಂಗನನ್ನು ಮಗ್ಗುಲಿಗೆ ಮಲಗಿಸಿ, ತಲೆ ತಗ್ಗಿಸಿ ನೀರು ಇಳಿಸಿದರು. ಸೂಜಿ ಕೊಟ್ಟು, ಸುಟ್ಟ ಅಂಗೈಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿದರು. ಕಂಬಳಿ ಹೊದಿಸಿ, ಇನ್ನು ಕಾಯಬೇಕು ಎಂದರು. ಎಲ್ಲರೂ ಕಾದರು. ಗೋಪಣ್ಣ ಬೇವಿನ ನೆರಳಿನಲ್ಲಿ ಕಲ್ಲಿನ ಮೇಲೆ ಕತ್ತಿ ಎಳೆಯುತ್ತ ಕಾದ. ಯಂಕೋಬ ಮಂಗನ ಕಿವಿಯಲ್ಲಿ, ನಾಳೆ ಒಂದಿನ ದಾಟಿಸಪ್ಪ, ಆಮ್ಯಾಗ ನಿನ್ನಿಚ್ಛಾ ಎಂದು ಗುಟ್ಟಾಗಿ ಕೇಳಿಕೊಂಡ.

ಹೊತ್ತು ನೆತ್ತಿಯಿಂದ ಇಳಿಯುವಾಗ ಮಂಗ ಒಂದು ಕಣ್ಣು ತೆರೆಯಿತು. ಆಮೇಲೆ ಇನ್ನೊಂದು. ಎದುರಿಗೆ ಕುಂಕುಮ ಹಚ್ಚಿಕೊಂಡು ಬಗ್ಗಿದ ಮುಖ ಕಂಡು, ಕಟ್ಟು ಹಾಕದ ಕೈಯಿಂದ ಫಟಾರನೆ ಕೆನ್ನೆಗೆ ಬಾರಿಸಿ, ಅದೇ ಕೈಯಿಂದ ಮೀಸೆ ಹಿಡಿಯಿತು. ಯಂಕೋಬ ಅಲುಗಾಡಲಿಲ್ಲ. ಡಾಕ್ಟರು ಬಾಳೆಹಣ್ಣು ತೋರಿಸಿದ ಮೇಲೆ ಬೆರಳುಗಳು ಒಂದೊಂದಾಗಿ ಬಿಟ್ಟವು. ಒಂದು ಕೂದಲೂ ಕೊಂಕಿರಲಿಲ್ಲ. ಬಾಳೆಹಣ್ಣು ನುಂಗಿದ ಮಂಗ ಎಮ್ಮೆಯ ಬೆನ್ನಿಗೆ ಜಿಗಿಯಿತು, ಅಲ್ಲಿಂದ ಅಂಬಪ್ಪನವರ ರುಮಾಲು ಕಿತ್ತುಕೊಂಡು ಕಿಟಕಿ ಹತ್ತಿತು. ಹಸಿದು ತಿಂದಿದೆ, ಇನ್ನು ಅಪಾಯವಿಲ್ಲ, ಅದರ ಹಿಂಡು ಇರುವಲ್ಲೇ ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿದರು.

ಬರುವಾಗಿನ ಗಾಡಿಯೇ ಬೇರೆ. ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಮಂಗ ಯಂಕೋಬನ ಹೆಗಲ ಮೇಲೆ ಕುಳಿತು ದಾರಿಯುದ್ದಕ್ಕೂ ಅವನ ತಲೆಯಲ್ಲಿ ಹೇನು ಹುಡುಕಿತು. ಯಂಕೋಬ ಎರಡೂ ಕೈಯಿಂದ ಮೀಸೆ ತಿರುವುತ್ತ, ಮೂಲೆಯಲ್ಲಿ ಪೆಟ್ಟಿಗೆ ಮುಚ್ಚಿಕೊಂಡು ಕುಳಿತ ಗೋಪಣ್ಣನಿಗೆ ನಾಳೆ ಸಕ್ಕರೆಗೆ ಬಾ ಎಂದು ಧಾರಾಳವಾಗಿ ಕರೆದ.

ಜಿಲಾನಿಸಾಬ್ ಗಾಡಿಯನ್ನು ನೇರ ಹನುಮಪ್ಪನ ಗುಡಿಯ ಮುಂದೆ ನಿಲ್ಲಿಸಿದ. ಮಂಗ ಹೆಗಲಿನಿಂದ ಆಲದ ಮರಕ್ಕೆ ಹಾರಿ ತನ್ನ ಹಿಂಡು ಸೇರಿತು. ಬೆಳಗಿನಿಂದ ಗುಟುಕು ನೀರೂ ಕುಡಿಯದೆ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಮ್ಮ ಅದನ್ನು ನೋಡಿ ಗಲ್ಲ ಗಲ್ಲ ಬಡಿದುಕೊಂಡಳು. ಮಗನ ದೃಷ್ಟಿ ತೆಗೆದಳು. ಆಮೇಲೆ ಗಾಡಿಯ ಮೂಲೆಗೆ ಇಣುಕಿ, “ಗೋಪಣ್ಣಾ, ಇಳಿಯಪ್ಪ. ಪೆಟಿಗಿ ಬಿಚ್ಚು,” ಎಂದಳು.

ಯಂಕೋಬ ನಕ್ಕ. “ಯಾಕ ಬೇ ಅವ್ವಾ? ಮಂಗ್ಯಾ ಬದುಕೈತಲ್ಲ.”

“ಬದುಕೈತಂತನ ಬಿಚ್ಚು ಅಂದೆ. ಮುಂಜಾನಿಂದ ಹನುಮಪ್ಪಗ ಹೂವು ಏರಿಸಿ, ಮಂಗ್ಯಾನ್ನ ಉಳಸ್ತೀಯೇನಂತ ಅಪ್ಪಣಿ ಕೇಳಾಕತ್ತೀನಿ. ಕಾಯಿ ಒಡಸ್ತೀನಿ ಅಂದೆ, ಹೂವು ಬೀಳಲಿಲ್ಲ. ಎಣ್ಣಿ ದೀಪಾ ಹಚ್ತೀನಿ ಅಂದೆ, ಬೀಳಲಿಲ್ಲ. ಕಡೀಕ, ನನ್ನ ಮಗಗ ಪ್ರಾಣಕ್ಕಿಂತ ಮ್ಯಾಲಿನದು ಅವನ ಮೀಸಿ, ತಲಿಗೂದಲ ಸಮೇತ ಇವತ್ತು ಹೊತ್ತು ಮುಣುಗೋದ್ರಾಗ ಕೊಡ್ತೀನಿ ಅಂದೆ ನೋಡು, ಬಲಗಡಿ ಹೂವು ತಟಕ್ಕನೆ ಬಿತ್ತು.”

ಯಂಕೋಬ ಅಂಬಪ್ಪನವರ ಮುಖ ನೋಡಿದ. ಅವರು ಮರದ ತುದಿಗೆ ಇಳಿದಿದ್ದ ಸೂರ್ಯನನ್ನು ನೋಡಿದರು. ಗೋಪಣ್ಣ ಆಗಲೇ ಬಟ್ಟಲಿನಲ್ಲಿ ನೀರು ತಂದಿದ್ದ. ಕೊಂಬೆಯ ಮೇಲೆ ಮಂಗ ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹಿರಿಯರಂತೆ ಕುಳಿತು ನೋಡುತ್ತಿತ್ತು.

“ತಲಿ ಪೂರಾ ತಗೊಳ್ಳಲಿ ಬೇ,” ಎಂದು ಯಂಕೋಬ ತಾಯಿಯ ಕಾಲು ಹಿಡಿದ. “ಮೀಸಿ ಒಂದು ನಾಡದು ಕೊಡ್ತೀನಿ. ಆಟೊತ್ತಿಗೆ ಇನ್ನೊಂಚೂರು ಬೆಳೆದಿರ್ತೈತಿ, ಹನುಮಪ್ಪಗೂ ಲಾಭ.”

ಮುದುಕಮ್ಮ ಮಗನ ಗದ್ದ ಹಿಡಿದು ಮುಖವನ್ನು ಗೋಪಣ್ಣನ ಕಡೆ ತಿರುಗಿಸಿದಳು.

“ಆಗಂಗಿಲ್ಲ.”