ಟಾನ್ ಸಾಹೇಬರ ಮತ್ಸ್ಯಾವತಾರ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಮುರಿದ ಬಾಲ.

ಮಾನಸ ತನ್ನ ಅಜ್ಜಿಯ ಕಾಲದ ದಶಾವತಾರದ ಗೊಂಬೆಗಳನ್ನು ಹಳೆಯ ಪಂಚೆಗಳಲ್ಲಿ ಸುತ್ತಿ, ಮೈಸೂರಿನಿಂದ ಮಲೇಷಿಯಾದ ಪುಚೊಂಗಿನ ಫ್ಲ್ಯಾಟಿನವರೆಗೂ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಒಂಬತ್ತು ಅವತಾರಗಳು ಸುಖವಾಗಿ ಬಂದಿಳಿದವು. ಮತ್ಸ್ಯಾವತಾರ ಮಾತ್ರ ಎರಡು ತುಂಡಾಗಿ ಇಳಿಯಿತು. ನವರಾತ್ರಿಯ ಮೊದಲ ದಿನದಿಂದಲೂ ಕೂರ್ಮನ ಪಕ್ಕದ ಜಾಗ ಖಾಲಿ ಬಿದ್ದಿತ್ತು. ಹೋಗುತ್ತಾ ಬರುತ್ತಾ ಅದನ್ನೇ ನೋಡಿ ಮಾನಸಳ ಮುಖ ಚಿಕ್ಕದಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಅವಳ ಗಂಡ ಗುರುದತ್ತ ಕಾಫಿ ಲೋಟ ಹಿಡಿದು ಹಾಲಿಗೆ ಬಂದರೆ ಆ ಜಾಗ ಭರ್ತಿಯಾಗಿತ್ತು. ಮುಂಗೈಯಷ್ಟು ಉದ್ದದ, ಹಸಿರು ಬೆನ್ನಿನ ಮರದ ಮೀನೊಂದು ಹಣೆಗೆ ಕುಂಕುಮ ಇಟ್ಟುಕೊಂಡು, ಬೆನ್ನ ಮೇಲೆ ಮಲ್ಲಿಗೆ ಹೊತ್ತು, ಪಾಪದ ಕೂರ್ಮನನ್ನು ಮೂಲೆಗೆ ಒತ್ತಿ, ಬಾಯಿ ತೆರೆದು ವಿರಾಜಮಾನವಾಗಿತ್ತು. ಗುರುದತ್ತನಿಗೆ ಕಾಫಿ ನೆತ್ತಿಗೇರಿತು. ಆ ಮೀನಿನ ಪರಿಚಯ ಅವನಿಗೆ ಚೆನ್ನಾಗಿಯೇ ಇತ್ತು.

“ನಿಧಾನ ಕಣ್ರೀ,” ಎಂದು ಮಾನಸ ಅವನ ತಲೆ ತಟ್ಟಿದಳು. “ಸೆಲ್ಲೋಟೇಪ್ ಹುಡುಕ್ತಾ ನಿಮ್ಮ ಆಫೀಸ್ ಬ್ಯಾಗ್ ತೆಗೆದೆ, ಸಿಕ್ಬಿಡ್ತು. ಒಂದು ಮಾತಾದ್ರೂ ಹೇಳ್ಬಾರ್ದಾ? ಮದುವೆ ಆದಾಗಿಂದ ನೀವಾಗೇ ನೀವು ನನಗೆ ಅಂತ ಏನಾದ್ರೂ ತಂದಿದ್ದು ಇದೇ ಮೊದಲು.” ಅವಳ ಕಣ್ಣು ಒದ್ದೆಯಾಗಿತ್ತು.

“ಅದು... ಸರ್ಪ್ರೈಸು,” ಅಂದ ಗುರುದತ್ತ.

“ಅಂಗಡಿಯವನೂ ಪುಣ್ಯಾತ್ಮ. ಗೋಡೆಗೆ ನೇತುಹಾಕೋಕೆ ಹೊಟ್ಟೆ ಕೆಳಗೆ ಎಷ್ಟು ಕೊಕ್ಕೆ ಕೊಟ್ಟಿದಾನೆ ನೋಡಿ!”

ಅಯ್ಯೋ, ಗೋಡೆಗೆ ನೇತುಹಾಕುವ ಕೊಕ್ಕೆಯಲ್ಲ ತಾಯಿ, ಅದು ಗಾಳ. ಆ ಮೀನು ದೇವರೂ ಅಲ್ಲ, ಗೊಂಬೆಯೂ ಅಲ್ಲ. ದೊಡ್ಡ ಮೀನನ್ನು ಮರುಳು ಮಾಡಿ ಹಿಡಿಯಲು ಗಾಳದ ದಾರಕ್ಕೆ ಕಟ್ಟುವ ಸುಳ್ಳು ಮೀನು. ಅದರ ಯಜಮಾನರು ಗುರುದತ್ತನ ಆಫೀಸಿನ ಮುಖ್ಯಸ್ಥರಾದ ಮಿಸ್ಟರ್ ಟಾನ್.

ಟಾನ್ ಸಾಹೇಬರು ಹುಡುಗರಾಗಿದ್ದಾಗ ಅಮೆರಿಕಾದಲ್ಲಿ ಓದಿದವರು. ಅಲ್ಲಿ ದೊಡ್ಡ ಬ್ಯಾಸ್ ಮೀನುಗಳಿಗೆಂದು ಮಾಡಿದ ಈ ಸುಳ್ಳು ಮೀನಿನಿಂದ ಅವರು ಮಸ್ಕಿ ಎಂಬ ಇನ್ನೂ ದೊಡ್ಡ, ಹಲ್ಲುಬ್ಬ, ಮಹಾ ಹಟಮಾರಿ ಮೀನನ್ನು ಹಿಡಿದಿದ್ದರಂತೆ. ಮಸ್ಕಿ ಎಂದರೆ ರಾಯಚೂರಿನ ಕಡೆಯ ಒಂದು ಊರು ಎಂದಷ್ಟೇ ಗುರುದತ್ತನಿಗೆ ಗೊತ್ತಿತ್ತು. “ಚಿಕ್ಕ ತುತ್ತು ತೋರಿಸಿದರೆ ಮಸ್ಕಿ ತಿರುಗಿಯೂ ನೋಡಲ್ಲ ಲಾ! ನಮ್ಮ ತೊಮಾನ್ ಕೂಡ ಅದೇ ಜಾತಿ ಸ್ವಭಾವ,” ಎಂದು ಟಾನ್ ಮಲೇಷಿಯಾದವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಅಂಟಿಸಿ ಹೇಳುತ್ತಿದ್ದರು. ತೊಮಾನ್ ಎಂದರೆ ಪುಚೊಂಗಿನ ಹಿಂದೆ ಹಳೆಯ ತವರದ ಗಣಿಯಲ್ಲಿ ನೀರು ನಿಂತು ಆದ ಕೆರೆಯ ರಾಕ್ಷಸ, ನಮ್ಮ ಕಡೆಯ ಕೊರವ ಮೀನಿನ ದೊಡ್ಡಪ್ಪ.

ಮದುವೆಯ ವಾರ್ಷಿಕೋತ್ಸವದ ದಿನವೂ ಕೆರೆಗೆ ಹೋಗಿ ಕುಳಿತ ತಪ್ಪಿಗೆ ಟಾನ್ ಅವರ ಹೆಂಡತಿ ಅವರಿಂದ ಗಾಳ ಬಿಡಿಸಿ, ಆಣೆ ಹಾಕಿಸಿಕೊಂಡಿದ್ದರು. ಅಂದಿನಿಂದ ಟಾನ್ ಕದ್ದು ಹೋಗುತ್ತಾರೆ. ಜೊತೆಗೆ ಗುರುದತ್ತ. ಹೆಂಡತಿ ಒಮ್ಮೆಯೂ ಕಂಡಿರದ ಆ ಸುಳ್ಳು ಮೀನು ಗುರುದತ್ತನ ಬ್ಯಾಗಿನಲ್ಲೇ ಇರಬೇಕೆಂದು ಸಾಹೇಬರ ಅಪ್ಪಣೆ. “ನೀನು ವೆಜಿಟೇರಿಯನ್ ಲಾ, ನಿನ್ನ ಮನೇಲಿ ಯಾರು ಮೀನು ಹುಡುಕ್ತಾರೆ?” ಎಂಬುದು ಅವರ ಲೆಕ್ಕ.

ಗುರುದತ್ತನೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮಾನಸಳ ಅಡುಗೆಮನೆಗೆ ಈರುಳ್ಳಿ ಬರಲೂ ದಿನ ನೋಡಬೇಕು, ಇನ್ನು ಮೀನಿನ ಮಾತೆಲ್ಲಿ! ಅವನು ತಿನ್ನುವವನಲ್ಲ. ಹಿಡಿದ ಮೀನಿಗೆ “ಕ್ಷಮಿಸಪ್ಪಾ” ಎಂದು ಹೇಳಿ ನೀರಿಗೆ ಬಿಡುವವನು. ಆದರೂ ವಾರವಿಡೀ ಕಂಪ್ಯೂಟರಿನ ಮುಂದೆ ಬೈಸಿಕೊಂಡ ಮನುಷ್ಯನಿಗೆ ಶನಿವಾರದ ಆ ಬೆಳಗೊಂದೇ ಜೀವ. ಕೆರೆ, ತಣ್ಣನೆ ಗಾಳಿ, ಮಾತಿಲ್ಲ ಕತೆಯಿಲ್ಲ. ಇಬ್ಬರ ಮನೆಯಲ್ಲೂ ಅದಕ್ಕೆ ‘ಕ್ಲೈಂಟ್ ಕಾಲ್’ ಎಂದು ಹೆಸರು. ಗುಟ್ಟು ರಟ್ಟಾದರೆ ಶನಿವಾರಕ್ಕೆ ಎಳ್ಳುನೀರು ಬಿಟ್ಟ ಹಾಗೆಯೇ.

ಅಷ್ಟರಲ್ಲಿ ಫೋನು ಬಂತು.

“ಗುರು, ಇವತ್ತಿನ ಬದಲು ನಾಳೆ ಕೆನ್ಯಿರ್ ಸರೋವರಕ್ಕೆ ಹೋಗ್ತಿದೀನಿ ಲಾ,” ಎಂದರು ಟಾನ್ ಪಿಸುಮಾತಿನಲ್ಲಿ. “ಮನೇಲಿ ಮೀಟಿಂಗ್ ಅಂತ ಹೇಳಿದೀನಿ. ಸಾಯಂಕಾಲ ನಿನ್ನ ಮನೆ ಗೊಂಬೆ ನೋಡೋಕೆ ನನ್ನ ಹೆಂಡ್ತಿ ಬರ್ತಾಳಲ್ಲ, ನಾನೇ ಡ್ರಾಪ್ ಮಾಡ್ತೀನಿ. ಅವಳು ಮೇಲೆ ಬಂದಾಗ ನೀನು ಮೀನು ತಗೊಂಡು ಕೆಳಗೆ ಬಾ. ಕಾರಲ್ಲೇ ಇರ್ತೀನಿ. ಜೋಪಾನವಾಗಿದೆ ತಾನೇ?”

ಗುರುದತ್ತ ಮಲ್ಲಿಗೆ ಮುಡಿದ ಮೀನಿನ ಕಡೆ ನೋಡಿದ. “ಬಹಳ ಜೋಪಾನವಾಗಿದೆ ಸರ್.”

ಕೂರಿಸಿದ ಗೊಂಬೆಯನ್ನು ವಿಜಯದಶಮಿಯ ಮೊದಲು ಕದಲಿಸುವ ಹಾಗಿಲ್ಲ. ಕದಲಿಸುವುದಾದರೆ ಅದರ ಜಾಗದಲ್ಲಿ ಇನ್ನೊಂದು ಮೀನಾದರೂ ಕೂರಬೇಕು. ಗುರುದತ್ತ “ಹೂವು ತರ್ತೀನಿ” ಎಂದು ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿಗೆ ಓಡಿದ. ಗೊಂಬೆಯ ಅಂಗಡಿಯ ತಮಿಳು ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, “ತನಿಯಾ ಮೀನ್ ಇಲ್ಲ ತಂಬಿ, ಸೆಟ್ಟು ದಾನ್,” ಎಂದುಬಿಟ್ಟಳು. ಸೆಟ್ಟು ಕೊಂಡರೆ ಮಾತ್ರ ಮೀನು; ಬಿಡಿ ಮತ್ಸ್ಯ ಇಡೀ ಬೀದಿಯಲ್ಲಿ ಸಿಗಲಿಲ್ಲ. ಕೊನೆಗೆ ಅಲಂಕಾರದ ಸಾಮಾನಿನ ಅಂಗಡಿಯೊಂದರಲ್ಲಿ, ಬಾಯಲ್ಲಿ ಕಾಸು ಕಚ್ಚಿಕೊಂಡು ಬಾಲ ಎತ್ತಿ ನೆಗೆಯುತ್ತಿದ್ದ ಬಂಗಾರ ಬಣ್ಣದ ಚೀನೀ ಮೀನು ಸಿಕ್ಕಿತು. ಮೀನು ಅಂದಮೇಲೆ ಮೀನು, ಎಂದು ಅದನ್ನೇ ಕಟ್ಟಿಸಿಕೊಂಡ.

ಮನೆಗೆ ಬಂದರೆ ಗೊಂಬೆಗಳ ಮುಂದೆ ಎದುರು ಫ್ಲ್ಯಾಟಿನ ಜಲಜಾ ಆಂಟಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಉಡುಪಿ ಕಡೆಯವರು. ಆ ಮಹಡಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಅವರಿಗೇ ಮೊದಲು ತಿಳಿಯುವುದು.

“ಮಾನಸ ಸ್ನಾನಕ್ಕೆ ಹೋಗಿದ್ದಾಳೆ, ದೀಪ ನೋಡ್ಕೊಳ್ಳಿ ಅಂದ್ಳು,” ಎಂದರು. “ಎಂತ ಮೀನು ಮಾರಾಯ್ರೆ ಇದು! ನಾನು ಎಲ್ಲಿ ಕೂತ್ರೂ ನನ್ನನ್ನೇ ನೋಡ್ತದೆ. ಮೈಮೇಲೆಲ್ಲ ಹಲ್ಲಿನ ಗುರುತು ಬೇರೆ ಉಂಟು.”

“ಅದು ಕೆತ್ತನೆ ಆಂಟಿ,” ಎಂದ ಗುರುದತ್ತ. “ಅಡುಗೆಮನೇಲಿ ಏನೋ ಸೀದ ವಾಸನೆ ಬರ್ತಿಲ್ವಾ?”

“ಅಯ್ಯೋ, ಉಸಲಿ!” ಎಂದು ಆಂಟಿ ಎದ್ದು ಓಡಿದರು.

ಇದೇ ಸಮಯ ಎಂದು ಗುರುದತ್ತ ಗೊಂಬೆ ಕೂರಿಸಿದ ಮೆಟ್ಟಿಲಿಗೆ ಬಗ್ಗಿ ಮೀನಿನ ಹೊಟ್ಟೆಗೆ ಕೈ ಹಾಕಿದ. ಒಂದು ಗಾಳ ಮೆಟ್ಟಿಲಿಗೆ ಹಾಸಿದ ಬಿಳಿ ಪಂಚೆಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಹೋದಾಗ ಇನ್ನೊಂದು ಅವನ ಶರಟಿನ ತೋಳಿಗೆ ಕಚ್ಚಿತು. ಎಳೆದರೆ ಪಟ್ಟದ ರಾಜ ರಾಣಿ ಅಲುಗಾಡಿದರು, ಶೆಟ್ಟಿ ದಂಪತಿಗಳು ಅಕ್ಕಿಬೇಳೆಯ ಸಮೇತ ಉರುಳಿದರು. ಎಳೆಯದಿದ್ದರೆ ಕೈ ಬರುವುದಿಲ್ಲ. ಇಷ್ಟು ವರ್ಷ ಮೀನುಗಳಿಗೆ ಎಂಥ ಅನ್ಯಾಯ ಮಾಡಿದೆನಪ್ಪಾ ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

“ಸೀದದ್ದು ಎಂತದೂ ಇಲ್ಲ,” ಎನ್ನುತ್ತಾ ಆಂಟಿ ಹಿಂದಿರುಗಿದರು. ಮತ್ಸ್ಯನ ಪಾದ ಮುಟ್ಟಿದವನಂತೆ ಬಗ್ಗಿ ನಿಂತ ಗುರುದತ್ತನನ್ನು ಕಂಡು ಬೆರಗಾದರು. ಮೀನಿಗೆ ಪಾದವೆಲ್ಲಿ ಎಂದು ಅವರು ಯೋಚಿಸಲಿಲ್ಲ. “ಎಂತ ಭಕ್ತಿ ನಿಮ್ಮದು! ಗಂಡಸರಲ್ಲಿ ಇಷ್ಟು ಭಕ್ತಿ ನಾನು ಕಂಡದ್ದೇ ಇಲ್ಲ. ಹಾಗೇ ಇರಿ, ಒಂದು ದಶಾವತಾರದ ಹಾಡು ಹೇಳ್ತೇನೆ.”

ಹಾಡು ಶುರುವಾಯಿತು. ಒಂದೊಂದು ಅವತಾರಕ್ಕೆ ಒಂದೊಂದು ನುಡಿ, ಪ್ರತಿ ನುಡಿಗೂ ಪಲ್ಲವಿ. ವಾಮನನ ಹೊತ್ತಿಗೆ ಗುರುದತ್ತನ ಸೊಂಟ ಹಿಡಿಯಿತು. ಬಲರಾಮನ ಹೊತ್ತಿಗೆ ಕಾಲು ಜೋಮು ಹಿಡಿಯಿತು. ಕಲ್ಕಿ ಬಂದ ಮೇಲೆ ಆಂಟಿ ಕಣ್ಣೊರೆಸಿಕೊಂಡು ತಮ್ಮ ಮನೆಗೆ ಹೋದರು. ಕೋಣೆಯಿಂದ ಮಗಳು ಇಂಚರ ಇಣುಕಿದಳು.

“ಅಪ್ಪಾ, ಯು ಆರ್ ಸ್ಟಕ್!”

“ಶ್! ಕತ್ತರಿ ತಾರೇ, ಬಂಗಾರ.”

ಶರಟಿನ ತೋಳು ಕತ್ತರಿಸಿ ಬಂಗಾರ ಅಪ್ಪನನ್ನು ಬಿಡಿಸಿದಳು. ಗುರುದತ್ತ ಚೀನೀ ಮೀನನ್ನು ಕೂರಿಸಿ, ಶೆಟ್ಟಿ ದಂಪತಿಗಳನ್ನು ಎಬ್ಬಿಸುವುದಕ್ಕೂ ಬಚ್ಚಲಿನ ಬಾಗಿಲು ಸದ್ದಾಗುವುದಕ್ಕೂ ಸರಿಹೋಯಿತು. ಸುಳ್ಳು ಮೀನನ್ನು ಎಲ್ಲಿಡುವುದು? ಸಂಜೆ ಬರುವ ಹೆಂಗಸರಿಗೆಂದು ತಾಂಬೂಲದ ಹಳದಿ ಚೀಲಗಳನ್ನು ಗೋಡೆಯ ಬದಿಗೆ ಸಾಲಾಗಿ ಇಟ್ಟಿದ್ದರು. ಕಡೆಯ ಚೀಲದಲ್ಲಿದ್ದ ತೆಂಗಿನಕಾಯಿಯನ್ನು ಸೋಫಾದ ಹಿಂದೆ ಉರುಳಿಸಿ, ಮೀನನ್ನು ಅದರೊಳಗೆ ತುರುಕಿದ.

ಮಾನಸ ಬಂದವಳೇ ಮೆಟ್ಟಿಲ ಮುಂದೆ ನಿಂತುಬಿಟ್ಟಳು. “ಇದೇನ್ರೀ?”

“ಅದರ ಬಣ್ಣ ಏಳ್ತಿತ್ತು. ಅಂಗಡಿಗೆ ಹೋಗಿ ಎಕ್ಸ್‌ಚೇಂಜ್ ಮಾಡಿಸ್ದೆ. ಇದು ಇನ್ನೂ ಫಳಫಳ ಅಂತಿದೆ, ಅಲ್ವಾ?”

ಅವಳು ಮೀನಿನ ಬಾಯಲ್ಲಿದ್ದ ಕಾಸನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಚೆನ್ನಾಗಿದೆ,” ಎಂದಳು ಕೊನೆಗೆ. “ಆದ್ರೆ ಅದನ್ನ ನೀವು ನನಗೆ ಅಂತ ತಂದಿದ್ರಿ.” ಪಾಪದವಳು, ಅವಳನ್ನು ಹೀಗೆ ಏಮಾರಿಸುತ್ತಿದ್ದೇನಲ್ಲ ಎಂದು ಗುರುದತ್ತ ನಿಜಕ್ಕೂ ಸಂಕಟಪಟ್ಟ.

ಸಂಜೆ ಹೆಂಗಸರು ಬಂದರು. ರೇಷ್ಮೆ ಸೀರೆ, ಹಾಡು, ಉಸಲಿ, ಗದ್ದಲ. ಮಿಸೆಸ್ ಟಾನ್ ಕೆಂಪು ಉಡುಪಿನಲ್ಲಿ ಬಂದು, ಚಪ್ಪಲಿ ಬಿಟ್ಟು, ಎಲ್ಲರಂತೆ ನೆಲದ ಮೇಲೆ ಕುಳಿತು ಎರಡು ಸಲ ಉಸಲಿ ಹಾಕಿಸಿಕೊಂಡರು. ಗುರುದತ್ತ ಗೋಡೆಯ ಬದಿಗೇ ಸರಿದು, ಕಡೆಯ ಚೀಲವನ್ನು ಎತ್ತಿಕೊಂಡು ಲಿಫ್ಟಿಗೆ ಓಡಿದ.

ಟಾನ್ ಕಾರಿನ ಕಿಟಕಿ ಇಳಿಸಿದರು. ಚೀಲದೊಳಗೆ ಕೈ ಹಾಕಿದರು. ವೀಳ್ಯದೆಲೆ ಬಂತು. ರವಿಕೆ ಕಣ ಬಂತು. ಆಮೇಲೆ ಒಂದು ತೆಂಗಿನಕಾಯಿ ಬಂತು.

“ಗುರು,” ಎಂದರು ಟಾನ್ ಬಹಳ ಶಾಂತವಾಗಿ, “ತೆಂಗಿನಕಾಯಿ ಕಟ್ಟಿ ನಾನು ತೊಮಾನ್ ಹಿಡಿಯೋದು ಹೇಗೆ ಲಾ?”

ಚೀಲದ ಸಾಲು ವಕ್ರವಾಗಿದೆ ಎಂದು ಸಂಜೆ ಬಂದ ಜಲಜಾ ಆಂಟಿ ಎಲ್ಲವನ್ನೂ ಎತ್ತಿ ಮತ್ತೆ ಜೋಡಿಸಿದ್ದು ಗುರುದತ್ತನಿಗೇನು ಗೊತ್ತು? ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದ. ಏದುಸಿರು ಬಿಡುತ್ತಾ ಬಾಗಿಲಿಗೆ ಬಂದಾಗ ಮಿಸೆಸ್ ಟಾನ್ ತಮ್ಮ ತಾಂಬೂಲದ ಚೀಲ ಹಿಡಿದು ಎದ್ದು ನಿಂತಿದ್ದರು. ಪಕ್ಕದಲ್ಲಿ ಇಂಚರ ಕುಣಿಯುತ್ತಿದ್ದಳು. “ಓಪನ್ ಇಟ್, ಆಂಟಿ! ಓಪನ್ ಇಟ್!”

ನಮ್ಮವರಾದರೆ ಮನೆಗೆ ಹೋಗಿ ಬಿಚ್ಚುತ್ತಿದ್ದರು. ಅವರು ಮಗುವಿನ ಮಾತು ಮೀರಲಾರದೆ ಬಿಚ್ಚಿದರು. ಗಾಳಗಳನ್ನು ಎರಡೇ ಬೆರಳಿನಲ್ಲಿ ನಾಜೂಕಾಗಿ ಒತ್ತಿ ಹಿಡಿದು, ಎಲ್ಲೂ ಚುಚ್ಚಿಸಿಕೊಳ್ಳದೆ, ಹಸಿರು ಮೀನನ್ನು ಹೊರಗೆಳೆದರು.

“ನನ್ನನ್ನು ನೋಡ್ತಿದ್ದದ್ದು ಇದೇ!” ಎಂದು ಜಲಜಾ ಆಂಟಿ ಕೂಗಿದರು. ಮಾನಸ ಗಂಡನ ಕಡೆ ತಿರುಗಿದಳು. ಆ ನೋಟದ ಮುಂದೆ ತೊಮಾನಿನ ಹಲ್ಲು ಏನೇನೂ ಅಲ್ಲ.

ಮಿಸೆಸ್ ಟಾನ್ ಮಾತ್ರ ಮೀನನ್ನು ಎದೆಗೊತ್ತಿಕೊಂಡರು. “ನನಗಾ? ಇದು ನನಗಾ?” ಕೊಟ್ಟ ತಾಂಬೂಲವನ್ನು ವಾಪಸ್ ಕೇಳುವುದು ಹೇಗೆ? ಮಾನಸ ನಕ್ಕು, ಅವರ ಹಣೆಗೆ ಕುಂಕುಮ ಇಟ್ಟಳು.

ಬೀಳ್ಕೊಡಲು ಗುರುದತ್ತ ಲಿಫ್ಟಿನಲ್ಲಿ ಜೊತೆಗೆ ಇಳಿದ. ಬಾಗಿಲು ಮುಚ್ಚಿದ್ದೇ ತಡ, ಮಿಸೆಸ್ ಟಾನ್ ಅವನ ಶರಟಿನ ತೋಳು ಹಿಡಿದುಕೊಂಡರು.

“ದೊಡ್ಡ ಬ್ಯಾಸ್‌ಗೆ ಮಾಡಿದ್ದು ಇದು. ತೊಮಾನ್‌ಗೆ ಇದಕ್ಕಿಂತ ಬೇಕಾ? ನಿನಗೆ ಹೇಗೆ ಗೊತ್ತಾಯ್ತು ಲಾ, ನಾನು ಕದ್ದು ಗಾಳ ಹಾಕೋದು?”

ಗುರುದತ್ತ ಲಿಫ್ಟಿನ ಗುಂಡಿಯನ್ನು ಇನ್ನೊಮ್ಮೆ ಒತ್ತಿದ.

“ಗಂಡನಿಂದ ನಾನೇ ಬಿಡಿಸಿದೆ. ಅದರಲ್ಲಿ ಅಂಥದ್ದೇನಿದೆ ನೋಡೋಣ ಅಂತ ಗೆಳತಿ ಜೊತೆ ಒಂದೇ ಒಂದು ದಿನ ಹೋದೆ. ಈಗ ಬಿಡೋಕೆ ಆಗ್ತಿಲ್ಲ. ಪಾಪ, ಅವರು ನನ್ನ ಮಾತಿಗೆ ಬೆಲೆ ಕೊಟ್ಟು ಗಾಳ ಮುಟ್ಟೇ ಇಲ್ಲ. ಅವರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ?” ಮೀನನ್ನು ಹ್ಯಾಂಡ್‌ಬ್ಯಾಗಿನ ತಳಕ್ಕೆ ಇಳಿಸಿ ಜಿಪ್ ಎಳೆದರು. “ನಿನ್ನ ಮನೆ ಹಿಂದೆ ಒಳ್ಳೆ ಕೆರೆ ಇದೆಯಂತಲ್ಲ. ಮುಂದಿನ ಶನಿವಾರ ಬೆಳಿಗ್ಗೆ ನನ್ನ ಕರ್ಕೊಂಡು ಹೋಗು. ಶನಿವಾರ ಅವರಿಗೆ ಹೇಗೂ ಕ್ಲೈಂಟ್ ಕಾಲ್ ಇರುತ್ತೆ.”

ಕೆಳಗೆ ಟಾನ್ ಹುಬ್ಬು ಹಾರಿಸಿ ‘ಎಲ್ಲಿ?’ ಎಂದು ಕೇಳಿದರು. ಗುರುದತ್ತ ‘ಆಮೇಲೆ’ ಎಂದು ಕೈ ಅಲುಗಿಸಿದ. ಸಾಹೇಬರ ತೊಡೆಯ ಮೇಲೆ ತೆಂಗಿನಕಾಯಿ, ಪಕ್ಕದ ಸೀಟಿನಲ್ಲಿ ಹೆಂಡತಿಯ ಹ್ಯಾಂಡ್‌ಬ್ಯಾಗು, ಅದರೊಳಗೆ ಮೀನು. ಕಾರು ಹೊರಟುಹೋಯಿತು.

ಲಿಫ್ಟು ಮೇಲೆ ಮುಟ್ಟುವ ಮೊದಲೇ ಮೆಸೇಜು ಬಂತು. “ಕೆನ್ಯಿರ್ ಕ್ಯಾನ್ಸಲ್. ಮುಂದಿನ ಶನಿವಾರ ಬೆಳಿಗ್ಗೆ ನಮ್ಮ ಕೆರೆಗೇ ಬರ್ತೀನಿ. ಮೀನು ಮರೀಬೇಡ ಲಾ.”

ಮಾನಸ ಸೋಫಾದ ಹಿಂದಿನಿಂದ ಸಿಕ್ಕಿದ ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಗುರುದತ್ತ ಎಲ್ಲವನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದ.

“ಏನೂ ಹೇಳ್ಬೇಡಿ, ನನಗೆಲ್ಲ ಅರ್ಥ ಆಯ್ತು,” ಎಂದಳು ಅವಳು. “ಸಾಹೇಬರ ಹೆಂಡ್ತಿಗೆ ಕೊಡೋಣ ಅಂತ ಮನಸ್ಸು ಬಂದಿದೆ, ನನಗೆ ಬೇಜಾರಾಗುತ್ತೆ ಅಂತ ಸುಳ್ಳು ಹೇಳಿದೀರ. ಮೊದಲು ಸಿಟ್ಟೇ ಬಂತು. ಆದ್ರೆ ಆಕೆ ಅದನ್ನ ಎದೆಗೆ ಅವಚಿಕೊಂಡಿದ್ದು ನೋಡಿ ಕರಗಿಹೋದೆ ಕಣ್ರೀ. ಎಂಥ ಭಕ್ತಿ!”

ಗುರುದತ್ತ ತೆರೆದ ಬಾಯಿಯನ್ನು ಮುಚ್ಚಿದ. ಸದ್ಯ, ಬದುಕಿದೆ ಎಂದು ಸೋಫಾದ ಮೇಲೆ ಕುಸಿದ.

“ಮುಂದಿನ ವರ್ಷಕ್ಕೆ ನನಗೆ ಅಂಥದ್ದೇ ಇನ್ನೊಂದು ಬೇಕು. ಅದೇ ಅಂಗಡಿಯಿಂದ. ನಾನೇ ಬಂದು ಆರಿಸ್ತೀನಿ,” ಎಂದು ಮಾನಸ ಅವನ ಭುಜಕ್ಕೆ ಒರಗಿದಳು. “ಶನಿವಾರ ಬೆಳಿಗ್ಗೆ ಕ್ಲೈಂಟ್ ಕಾಲ್‌ಗೆ ರಜಾ ಹಾಕಿ, ಇಬ್ಬರೂ ಹೋಗೋಣ. ಯಾಕ್ರೀ ಸುಮ್ಮನಾದ್ರಿ? ಶನಿವಾರ ಬೇರೆ ಯಾರಿಗಾದ್ರೂ ಮಾತು ಕೊಟ್ಟಿದೀರಾ?”