ಗೀಟಿನ ಮೇಲಿನ ಷರಾ

ಹುಮನಾಬಾದಿನ ಅನೀಲಕುಮಾರ ಒಂದು ಭಾನುವಾರ ಬೆಳಗ್ಗೆ, ಚಹಾದ ಕಪ್ಪು ಕೆಳಗಿಡುವ ಮೊದಲೇ ಘೋಷಣೆಯೊಂದನ್ನು ಹೊರಡಿಸಿದ. ಇನ್ನು ಮುಂದೆ ತನ್ನ ಮನೆಯಲ್ಲಿ ಸ್ಲೈಡು ಮಾಡುವುದಕ್ಕಾಗಿ ಯಾರೂ ಮೌಸ್ ಮುಟ್ಟತಕ್ಕದ್ದಲ್ಲ! ಮನೆಯಲ್ಲಿದ್ದವರು ಇಬ್ಬರೇ, ಅವನು ಮತ್ತು ಅವನ ಹೆಂಡತಿ ರಾಜೇಶ್ವರಿ. ಆಕೆ ಹುಟ್ಟಿದಾಗಿನಿಂದ ಒಂದು ಸ್ಲೈಡನ್ನೂ ಮಾಡಿದವಳಲ್ಲ. ಆದರೂ ಘೋಷಣೆ ಅಂದ ಮೇಲೆ ಅದಕ್ಕೊಂದು ಗತ್ತು ಬೇಡವೇ?

ಅನೀಲಕುಮಾರ ಊರಿನ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಒಂಬತ್ತು ವರ್ಷ ಅವನು ಪ್ರಾಂಶುಪಾಲರ ಸ್ಲೈಡುಗಳನ್ನು ಮಾಡಿದ್ದ. ಅಂದರೆ ಪ್ರಾಂಶುಪಾಲರು ಹಿಂದೆ ನಿಂತು 'ಆ ಡಬ್ಬಿ ಜರಾ ಎಡಕ್ಕ, ಅಲ್ಲಲ್ಲ, ಜರಾ ಬಲಕ್ಕ' ಎನ್ನುತ್ತಿದ್ದರು, ಇವನು ಎಳೆಯುತ್ತಿದ್ದ. ಹೀಗೆ ಡಬ್ಬಿ ಎಳೆದೆಳೆದು ಮಣಿಕಟ್ಟು ಸೋತ ಹೊತ್ತಿನಲ್ಲಿ ಅವನಿಗೆ ಇಂಟರ್ನೆಟ್ಟಿನಲ್ಲಿ ಒಂದು ಪುಕ್ಕಟೆ ಸಾಧನ ಸಿಕ್ಕಿತು. ಬರೆಯಬೇಕಾದ್ದನ್ನು ಸಾದಾ ಅಕ್ಷರಗಳಲ್ಲಿ ಬರೆಯಬೇಕು. ಸಾಲಿನ ಮುಂದೆ ಹ್ಯಾಶ್ ಗುರುತು ಹಾಕಿದರೆ ಅದು ತಲೆಬರಹ. ಆಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ಒಂದೇ ಒಂದು ಸಾಲಿನ ಆಜ್ಞೆ ಕೊಟ್ಟು ಎಂಟರ್ ಒತ್ತಿದರೆ ಸ್ಲೈಡುಗಳು ತಯಾರು! ಅಂದಿನಿಂದ ಅವನು ಮೌಸ್ ಹಿಡಿದವರನ್ನು, ಬೋರ್‌ವೆಲ್ ಹಾಕಿಸಿದವನು ಕೊಡ ಹೊತ್ತವರನ್ನು ನೋಡುವ ಹಾಗೆ ನೋಡತೊಡಗಿದ.

ಘೋಷಣೆಗೆ ಕಾರಣ ಬಸವಕಲ್ಯಾಣದಿಂದ ಬಂದ ಒಂದು ಪತ್ರ. ರಾಜೇಶ್ವರಿ ಪಶುಸಖಿ. ಆರು ವರ್ಷಗಳಿಂದ ಹೆಗಲಿಗೆ ಚೀಲ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಾಳೆ. ಆಡು, ಕುರಿ, ಕೋಳಿ ಸಾಕಿದ ಹೆಂಗಸರಿಗೆ ಯಾವ ಬೇನೆಗೆ ಯಾವ ಲಸಿಕೆ, ಜಂತಿನ ಔಷಧ ಯಾವಾಗ ಕುಡಿಸಬೇಕು ಎಂದು ಮನೆ ಮನೆಗೆ ಹೋಗಿ ಹೇಳುತ್ತಾಳೆ. ಗುರುವಾರ ಬಸವಕಲ್ಯಾಣದಲ್ಲಿ ಪಶುಸಖಿಯರ ಮತ್ತು ಆಡು ಸಾಕಿದ ಹೆಂಗಸರ ಸಭೆ. ಮೂವರು ಪಶುಸಖಿಯರು ಅರ್ಧರ್ಧ ಗಂಟೆ ಮಾತನಾಡಬೇಕು. ಮೂವರಲ್ಲಿ ಒಬ್ಬಳನ್ನು ಜಿಲ್ಲೆಗೆಲ್ಲ ತರಬೇತಿ ಕೊಡುವವಳಾಗಿ ಆರಿಸುತ್ತಾರೆ.

ಪತ್ರವನ್ನು ಆಕೆ ನಾಲ್ಕು ಸಲ ಓದಿದಳು. ಆಮೇಲೆ ಮಡಚಿಟ್ಟು, ಗಂಡನ ಮುಖ ನೋಡದೆ ಹೇಳಿದಳು.

"ಇದು ನನಗ ಆಗಬೇಕು ನೋಡ್ರಿ."

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ರಾಜೇಶ್ವರಿ 'ನನಗ ಬೇಕು' ಅಂದದ್ದು ಅನೀಲಕುಮಾರನಿಗೆ ನೆನಪಿರಲಿಲ್ಲ. ಅವನ ಎದೆ ತುಂಬಿ ಬಂತು. ತುಂಬಿ ಬಂದದ್ದೇ ತಪ್ಪಾಯಿತು ಅನ್ನಿ. ಆಕೆ ತನ್ನ ರಿಜಿಸ್ಟರ್ ಒಯ್ದು, ಅದನ್ನು ನೋಡುತ್ತ ನಾಲ್ಕು ಮಾತಾಡಿ ಬರುವ ವಿಚಾರದಲ್ಲಿದ್ದಳು. ರಿಜಿಸ್ಟರ್ ಹಿಡಿದು ನಿಂತರೆ ಜನಗಣತಿಗೆ ಬಂದವಳು ಅಂದುಕೊಂಡಾರು ಎಂದು ಇವನು ನಕ್ಕ. ಸ್ಲೈಡು ತನಗೆ ಬಿಡು ಎಂದ. ಹನ್ನೆರಡು ಮನೆ ಆರಿಸಿ, ರಿಜಿಸ್ಟರಿನಲ್ಲಿ ಹೇಗಿದೆಯೋ ಹಾಗೇ ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸಿದರೆ ಸಾಕು, ಹೆಸರು ಬೇಡ, ಅಂದಚಂದ ತಾನು ನೋಡಿಕೊಳ್ಳುತ್ತೇನೆ ಎಂದು ಅಭಯವನ್ನೂ ಕೊಟ್ಟ.

ರಾಜೇಶ್ವರಿ ಹೇಳಿದ ಮಾತಿಗೆ ಬದ್ಧಳು. ರಿಜಿಸ್ಟರಿನಲ್ಲಿ ಹೇಗಿತ್ತೋ ಹಾಗೇ ಕಳಿಸಿದಳು. ಅದರಲ್ಲಿ ಹೇಗಿತ್ತು ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಮೊದಲು ಆ ಮನೆಯ ದನಕರುಗಳ ಲೆಕ್ಕ, ಬೇನೆ, ಹೇಳಿದ ಔಷಧ. ಆಮೇಲೆ ಒಂದು ಸಾಲು ಬಿಟ್ಟು ಷರಾ. ಷರಾ ಅಂದರೆ ಉಳಿದ ಮಾತು, ಬೇರೆಲ್ಲೂ ಹಿಡಿಸದ್ದು. ಷರಾದ ಕೆಳಗೆ ಒತ್ತಿಕೊಂಡಂತೆ ಒಂದು ಗೀಟು. ಜಾಗ ಬಿಟ್ಟರೆ ಯಾರಾದರೂ ಆಮೇಲೆ ಏನಾದರೂ ಸೇರಿಸಿಯಾರು, ಅದಕ್ಕೇ ಷರಾಕ್ಕೆ ಹತ್ತಿಸಿಯೇ ಗೀಟು ಹೊಡೆಯಿರಿ ಎಂದು ಮೊದಲ ತರಬೇತಿಯಲ್ಲಿ ಅವರಿಗೆ ಕಲಿಸಿದ್ದರು. ಆರು ವರ್ಷದ ರೂಢಿ ಮೊಬೈಲಿಗೆ ಬಂದರೆ ಬಿಡುತ್ತದೆಯೇ? ಪ್ರತಿ ಮನೆ ಮುಗಿದಾಗಲೂ ಅಡ್ಡಗೆರೆಯ ಗುಂಡಿಯನ್ನು ಟಕಟಕ ಒತ್ತಿ ಗೀಟು ಎಳೆದಿದ್ದಳು.

ಅನೀಲಕುಮಾರ ಅದನ್ನು ಹಾಗೇ ಎತ್ತಿ ಕಡತಕ್ಕೆ ಹಾಕಿದ. ಮೇಲೆ ಹೆಂಡತಿಯ ಹೆಸರು ಸೇರಿಸಿದ. ಕಪ್ಪು ಕಿಟಕಿ ತೆರೆದು ಆಜ್ಞೆ ಕೊಟ್ಟ. ರೆಪ್ಪೆ ಬಡಿಯುವುದರೊಳಗೆ ಸ್ಲೈಡುಗಳು ತಯಾರು. ಮೊದಲನೆಯದನ್ನು ತೆರೆದು ನೋಡಿದ. 'ರಾಜೇಶ್ವರಿ, ಪಶುಸಖಿ' ಎಂದು ದಪ್ಪಗೆ, ನಡುಮಧ್ಯದಲ್ಲಿ, ಏನು ಶೋಭೆ! ಅಷ್ಟಕ್ಕೇ ಕಣ್ಣು ತಣಿದು ಅವನು ಲ್ಯಾಪ್‌ಟಾಪು ಮುಚ್ಚಿದ. ಒಂದು ಸಲ ಪೂರಾ ತೋರಿಸಿ ಎಂದು ರಾಜೇಶ್ವರಿ ಕೇಳಿದಳು. ಯಂತ್ರದ ಮೇಲೆ ನಂಬಿಕೆ ಇಲ್ಲದವರು ಮಾತ್ರ ಎರಡೆರಡು ಸಲ ನೋಡುತ್ತಾರೆ ಎಂದು ಅವನು ಉಪದೇಶ ಮಾಡಿದ. ಸಾರಿಗೆ ಉಪ್ಪು ಹಾಕಿದವಳು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ ನೋಡುತ್ತಾಳೆ. ಕಂಪ್ಯೂಟರ್ ಬಲ್ಲ ಗಂಡಸಿಗೆ ಆ ಬುದ್ಧಿ ಎಲ್ಲಿಂದ ಬರಬೇಕು!

ಗುರುವಾರ ಇಬ್ಬರೂ ಬಸ್ಸು ಹಿಡಿದು ಬಸವಕಲ್ಯಾಣ ಸೇರಿದರು. ಸಭೆಯಲ್ಲಿ ನಲವತ್ತು ಐವತ್ತು ಹೆಂಗಸರು. ನಡೆಸುವವರು ಪಶುವೈದ್ಯ ಡಾಕ್ಟರ್ ಮೊಹಿನುದ್ದೀನ್. ಆರಿಸುವವರೂ ಅವರೇ. ಮೊದಲಿಬ್ಬರು ಮಾತಾಡಿದರು. ಒಬ್ಬಳು ಬಣ್ಣಬಣ್ಣದ ಆಡಿನ ಚಿತ್ರ ತೋರಿಸಿದಳು, ಇನ್ನೊಬ್ಬಳು ಔಷಧಗಳ ಹೆಸರನ್ನು ಒಂದೂ ತಪ್ಪದೆ ಹೇಳಿದಳು. ಹೆಂಗಸರು ಗೌರವದಿಂದ ಕೇಳಿ ಗೌರವದಿಂದ ಆಕಳಿಸಿದರು. ಮೂರನೆಯವಳು ರಾಜೇಶ್ವರಿ. ಅನೀಲಕುಮಾರ ಲ್ಯಾಪ್‌ಟಾಪಿನ ಮುಂದೆ ಕುಳಿತು ಗುಂಡಿಯ ಮೇಲೆ ಬೆರಳಿಟ್ಟ. ಹೆಸರಿನ ಸ್ಲೈಡು ಬಂತು, ಚಪ್ಪಾಳೆ ಬಿತ್ತು. ಎರಡನೆಯದರಲ್ಲಿ ಒಂದು ಮನೆಯ ಕುರಿಗಳ ವಿವರ, ಅದೂ ಸರಿ. ಅವನು ಮೂರನೆಯದಕ್ಕೆ ಒತ್ತಿದ.

ಗೋಡೆಯ ಮೇಲೆ, ಮೊಣಕೈ ಉದ್ದದ ಅಕ್ಷರಗಳಲ್ಲಿ ತಲೆಬರಹ ಮೂಡಿತು: 'ಅತ್ತಿ ಸಿಟ್ಟಿಗೆದ್ದು ಒಳಗ ಹೋದರು.' ಅದರ ಕೆಳಗೆ ಸಣ್ಣದಾಗಿ: 'ಎಮ್ಮೆ ಎರಡು. ಹಾಲು ಕಮ್ಮಿ ಆಗ್ಯದ.'

 ಹಿಂದಿನ ಸಾಲಿನಿಂದ ನಗು ಶುರುವಾಯಿತು. ಅನೀಲಕುಮಾರ ಗಾಬರಿಯಾಗಿ ಮುಂದಿನದಕ್ಕೆ ಒತ್ತಿದ. 'ಜಂತಿನ ಔಷಧ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ಯಾರ. ಕೀಲಿ ಮಾವನವರ ಉಡದಾರದಾಗ.' ಕೆಳಗೆ: 'ಕೋಳಿ ಹನ್ನೊಂದು. ಮೊಟ್ಟಿ ಇಡವಲ್ವು.' ಸಭೆಯೇ ಹೊಯ್ದಾಡಿತು. ಅವನು ಮತ್ತೆ ಒತ್ತಿದ. ಪ್ರತಿ ಒತ್ತಿಗೂ ಇನ್ನೊಂದು ಮನೆಯ ಷರಾ ಬಂದು ಮುಂದಿನ ಮನೆಯ ದನಕರುಗಳ ತಲೆಯ ಮೇಲೆ ಕೂರುತ್ತಿತ್ತು.

ಆಗ ಅವನಿಗೆ ಹೊಳೆಯಿತು. ಒಂದು ಸಾಲಿನ ಕೆಳಗೆ ಹತ್ತಿಸಿ ಗೀಟು ಎಳೆದರೆ, ಹ್ಯಾಶ್ ಗುರುತು ಇಲ್ಲದಿದ್ದರೂ ಆ ಸಾಧನ ಅದನ್ನು ತಲೆಬರಹ ಎಂದೇ ತಿಳಿಯುತ್ತದೆ. ಅದರ ನಂತರ ಬಂದದ್ದೆಲ್ಲ ಆ ತಲೆಬರಹದ ಪಾಲು. ಇದನ್ನು ಅವನು ಓದಿದ್ದ. ಹೋದ ತಿಂಗಳು ಕಾಲೇಜಿನಲ್ಲಿ ಇಬ್ಬರಿಗೆ ಇದೇ ಪಾಠವನ್ನೂ ಮಾಡಿದ್ದ!  ಆರು ವರ್ಷ ಬಿಸಿಲಲ್ಲಿ ತಿರುಗಿದವಳು ಒಮ್ಮೆ ಬಾಯಿಬಿಟ್ಟು ಬೇಕು ಅಂದದ್ದನ್ನು ತಾನು ಒಂದು ಸಾಲಿನ ಆಜ್ಞೆಯಲ್ಲಿ ಹಾಳು ಮಾಡಿದೆನಲ್ಲ ಎಂದುಕೊಂಡ. ಬಂದ್ ಮಾಡಲೇ ಎಂದು ಸನ್ನೆಯಲ್ಲಿ ಕೇಳಿದ.

ರಾಜೇಶ್ವರಿಯ ಮುಖ ಕೆಂಪಾಗಿತ್ತು. ಗೋಡೆ ನೋಡಿದಳು, ನಗುವ ಹೆಂಗಸರನ್ನು ನೋಡಿದಳು. ಬೇಡ ಎಂದು ತಲೆಯಾಡಿಸಿದಳು. ಮಾತಾಡಲೆಂದು ಬರೆದು ತಂದಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಕೆಳಗಿಂದು ಓದಬ್ಯಾಡ್ರಿ ಅಕ್ಕಂದಿರೇ. ಅದು ನಿಮಗ ಗೊತ್ತಿದ್ದದ್ದೇ ಅದ. ಮ್ಯಾಲಿಂದು ಓದ್ರಿ. ಯಾರ್‍ಯಾರ ಮನ್ಯಾಗ ಹಿಂಗ ಆಗ್ಯದ, ಕೈ ಎತ್ರಿ."

ಒಂದು ಕೈ ಎದ್ದಿತು, ಹತ್ತು ಎದ್ದವು, ಆಮೇಲೆ ಎಣಿಸುವ ಹಾಗಿರಲಿಲ್ಲ. ಹುಲಸೂರಿನಿಂದ ಬಂದ ಫಕ್ರುನ್ನೀಸಾ ಎಂಬಾಕೆ ಎದ್ದು, ತಮ್ಮಲ್ಲಿ ಕಪಾಟಿಗೆ ಕೀಲಿ ಇಲ್ಲ, ಅತ್ತೆಯವರೇ ಅದಕ್ಕೆ ಬೆನ್ನು ಹಚ್ಚಿ ಕೂರುತ್ತಿದ್ದರು ಎಂದಳು. ಕೊನೆಗೆ ಔಷಧದ ಬಾಟಲಿಯನ್ನು ಅತ್ತೆಯ ಕೈಗೇ ಕೊಟ್ಟು, ನೀವೇ ಕುಡಿಸಿ, ನಿಮ್ಮ ಕೈಗುಣ ಚೆನ್ನಾಗಿದೆ ಅಂದೆ, ಅಂದಿನಿಂದ ಅವರೇ ತಾರೀಖು ನೆನಪಿಡುತ್ತಾರೆ ಎಂದೂ ಹೇಳಿದಳು. ಅದಕ್ಕೆ ಇನ್ನೊಬ್ಬಳು ತನ್ನ ಮನೆಯ ಕಥೆ ಸೇರಿಸಿದಳು. ಔಷಧದ ಹೆಸರು ಇವರಲ್ಲಿ ಯಾರಿಗೆ ಗೊತ್ತಿರಲಿಲ್ಲ? ಮನೆಯಲ್ಲಿ ತಮ್ಮ ಮಾತು ನಡೆಸುವುದು ಹೇಗೆ ಅನ್ನುವುದನ್ನು ಮಾತ್ರ ಇದುವರೆಗೆ ಯಾರೂ ಕಲಿಸಿರಲಿಲ್ಲ. ಅರ್ಧ ಗಂಟೆಯ ಮಾತು ಒಂದು ಗಂಟೆ ದಾಟಿತು. ಡಾಕ್ಟರ್ ಮೊಹಿನುದ್ದೀನ್ ಗಡಿಯಾರ ನೋಡುವುದು ಬಿಟ್ಟು ಬರೆದುಕೊಳ್ಳುತ್ತಿದ್ದರು.

ರಾಜೇಶ್ವರಿ ಹೇಳಿದಾಗಲೆಲ್ಲ ಅನೀಲಕುಮಾರ ಗುಂಡಿ ಒತ್ತುತ್ತ ಕುಳಿತ. ಆರು ವರ್ಷ ಸಂಜೆ ಸಂಜೆ ಹೆಂಡತಿ ರಿಜಿಸ್ಟರ್ ಬರೆಯುವುದನ್ನು ಅವನು ನೋಡಿದ್ದ. ಆಡು ಎಣಿಸಿ ಬರೆಯುತ್ತಾಳೆ ಅಂದುಕೊಂಡಿದ್ದನೇ ಹೊರತು ಏನು ಬರೆಯುತ್ತೀ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳು ಮನುಷ್ಯರನ್ನು ಬರೆಯುತ್ತಿದ್ದಳು. ಅವಮಾನ ಇಳಿದು, ಆ ಜಾಗದಲ್ಲಿ ಹೆಮ್ಮೆಯಂಥದ್ದೇನೋ ಏರತೊಡಗಿತು.

ಹಾಗೆ ಏರುತ್ತಿರುವಾಗಲೇ ಕೊನೆಯ ಸ್ಲೈಡು ಬಂತು. ಕೊನೆಯ ಷರಾದ ನಂತರ ಯಾವ ಮನೆಯೂ ಇರಲಿಲ್ಲವಾದ್ದರಿಂದ ಕೆಳಗೆ ಖಾಲಿ. ತಲೆಬರಹ ಒಂದೇ.

'ಮೂರು ಸಲ ಹೇಳೀನಿ. ಮೂರೂ ಸಲ ಹ್ಞೂಂ ಅಂದಾರ. ಮರಿ ಸತ್ತುಹೋತು.'

ಅವನಿಗೆ ಓದಿದ ಕೂಡಲೇ ತಿಳಿಯಿತು. ಹೋದ ಶ್ರಾವಣ. ನಮ್ಮ ಮನೆಯ ಆಡಿನ ಮರಿಯನ್ನು ಲಸಿಕೆಗೆ ಒಯ್ಯಿರಿ, ದವಾಖಾನೆ ನಿಮ್ಮ ಕಾಲೇಜಿನ ದಾರಿಯಲ್ಲೇ ಇದೆ ಎಂದು ಅವಳು ಹೇಳಿದ್ದಳು. ಇವನು ಕಪ್ಪು ಕಿಟಕಿಯಿಂದ ಕಣ್ಣು ಕೀಳದೆ ಹ್ಞೂಂ ಅಂದಿದ್ದ. ಆ ಮರಿ ಸತ್ತ ದಿನ ರಾಜೇಶ್ವರಿ ನಿರ್ಣಾ ಎಂಬ ಹಳ್ಳಿಯಲ್ಲಿ ಬೇರೆಯವರ ಮರಿಗಳಿಗೆ ಲಸಿಕೆ ಹಾಕಿಸುತ್ತಿದ್ದಳು. ಬಂದು ನೋಡಿದಳು, ಹಿತ್ತಲಲ್ಲಿ ಹೂತಳು, ಕೈ ತೊಳೆದು ರೊಟ್ಟಿ ಬಡಿದಳು. ಒಂದು ಮಾತೂ ಆಡಲಿಲ್ಲ. ಮಾತಾಡಲಿಲ್ಲವಲ್ಲ, ಮುಗಿಯಿತು ಅಂದುಕೊಂಡಿದ್ದ ಪುಣ್ಯಾತ್ಮ.

"ಇದು ಯಾರ ಮನೀದ್ರೀ?" ಎಂದು ಫಕ್ರುನ್ನೀಸಾ ಕೇಳಿದಳು.

"ಹುಮನಾಬಾದದ್ದು ಒಂದು ಮನಿ ಬಿಡ್ರಿ," ರಾಜೇಶ್ವರಿ ಮೆಲ್ಲಗೆ ಅಂದಳು. "ಮಂದಿ ಛಲೋ ಇದ್ದಾರ. ಮರೀತಾರ ಅಷ್ಟ."

ಇನ್ನೊಂದು ಸಲ ಗುಂಡಿ ಒತ್ತಿದ್ದರೆ ಸ್ಲೈಡು ಮುಗಿದು ಗೋಡೆ ಕಪ್ಪಾಗುತ್ತಿತ್ತು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಹೆಂಡತಿಯೇ ಬಾಗಿಲು ತೆರೆದು ಕೊಟ್ಟಿದ್ದಳು, ನುಸುಳಿಕೊಂಡು ಹೋದರಾಗಿತ್ತು. ಅನೀಲಕುಮಾರನ ಬೆರಳು ಗುಂಡಿಯ ಮೇಲೇ ಇತ್ತು. ಅದನ್ನು ಅಲ್ಲಿಂದ ತೆಗೆದು, ಅವನು ಎದ್ದು ನಿಂತ.

"ಅದು ನಮ್ಮ ಮನೀರಿ. ಹ್ಞೂಂ ಅಂದಾಂವ ನಾನ. ಇವತ್ತಿನ ಸ್ಲೈಡೂ ನಾ ನೋಡಲಾರದ ತಂದೀನಿ. ಇದರಾಗ ನನ್ನ ಶಾಣ್ಯಾತನ ಏನೂ ಇಲ್ಲ."

ಯಾರೂ ನಗಲಿಲ್ಲ. ರಾಜೇಶ್ವರಿ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು. ಎಂಟು ತಿಂಗಳಿಂದ ಅವಳು ಕಾಯುತ್ತಿದ್ದದ್ದು ಇಷ್ಟು ಮಾತಿಗಾಗಿ ಎಂದು ಅವನಿಗೆ ಆಗ ಅರ್ಥವಾಯಿತು.

ಡಾಕ್ಟರ್ ಮೊಹಿನುದ್ದೀನ್ ಎದ್ದು, ಹೆಚ್ಚು ಯೋಚಿಸುವ ಕೆಲಸ ಉಳಿದಿಲ್ಲ, ಜಿಲ್ಲೆಯ ತರಬೇತಿ ರಾಜೇಶ್ವರಿಯವರದೇ, ಮುಂದಿನ ಮಂಗಳವಾರ ಹುಲಸೂರಿನಿಂದ ಶುರು ಎಂದರು. ಚಪ್ಪಾಳೆಯ ನಡುವೆ ಅನೀಲಕುಮಾರನಿಗೆ ಹೋದ ಜೀವ ಬಂದಂತಾಯಿತು. ಜೀವದ ಜೊತೆಗೆ ಹಳೆಯ ಚಾಳಿಯೂ ಬಂತು. ಡಾಕ್ಟರ್ ಸಾಹೇಬರ ಹತ್ತಿರ ಹೋಗಿ, ತಲೆಬರಹಗಳನ್ನೆಲ್ಲ ಮಂಗಳವಾರದೊಳಗೆ ಸರಿಮಾಡಿ ಕೊಡುತ್ತೇನೆ, ಒಂದೇ ಒಂದು ಸಾಲಿನ ಆಜ್ಞೆ ಸಾಕು ಎಂದ.

ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟರು.

"ಒಂದು ಅಕ್ಷರಾನೂ ಮುಟ್ಟಬ್ಯಾಡ್ರಿ. ಕೊನೀ ಸ್ಲೈಡಂತೂ ಬಿಲ್ಕುಲ್ ಬ್ಯಾಡ." ಆಮೇಲೆ ರಾಜೇಶ್ವರಿಯ ಕಡೆ ತಿರುಗಿದರು. "ಮತ್ತ ಮೇಡಂ, ಇವರನ್ನೂ ಪ್ರತಿ ಸಲ ಕರಕೊಂಡು ಬರ್ರಿ. ಆ ಸ್ಲೈಡಿಗಿ ಎದ್ದು ನಿಂದರಲಿಕ್ಕ ಒಬ್ಬರು ಬೇಕಾಗ್ತದ."

ಅನೀಲಕುಮಾರ ಹುಲಸೂರಿನಲ್ಲಿ ಎದ್ದು ನಿಂತ. ಮನ್ನಾಏಖೇಳ್ಳಿಯಲ್ಲಿಯೂ ನಿಂತ. ಇನ್ನೂ ಹದಿನಾಲ್ಕು ಊರು ಬಾಕಿ ಇವೆ. ಹಿಂದಿನ ಸಾಲಿನವರಿಗೂ ಅವನು ಸರಿಯಾಗಿ ಕಂಡ ಮೇಲೆಯೇ ರಾಜೇಶ್ವರಿ "ಇನ್ನ ಕುಂಡರ್ರಿ" ಅನ್ನುತ್ತಾಳೆ.