ಎಡ ಹೊಳ್ಳೆಗೊಂದು ದಾರಿ

ಬೇಡುವ ಮೊದಲೇ ಗಾಳಿಯನ್ನು ಕರುಣಿಸಿದ ಪರಮಾತ್ಮನಿಗೆ ಮೊದಲ ನಮಸ್ಕಾರ. ಆತನ ಕಡೆಯಿಂದ ಕೊರತೆಯಿರಲಿಲ್ಲ. ಗಾಳಿ ಒಳಬರುವ ಬಾಗಿಲುಗಳಲ್ಲಿ ಒಂದು ನನ್ನ ಪಾಲಿಗೆ ಮುಚ್ಚಿತ್ತು, ಅಷ್ಟೆ. ಬಾಲ್ಯದಲ್ಲಿ ದೇವಸ್ಥಾನದ ಕೊಳದ ಮೆಟ್ಟಿಲಲ್ಲಿ ಜಾರಿಬಿದ್ದಂದಿನಿಂದ ನನ್ನ ಮೂಗು ಎಡಕ್ಕೆ ವಾಲಿ, ಆ ಕಡೆಯ ಹೊಳ್ಳೆ ಕಟ್ಟಿಹೋಗಿತ್ತು. ಸಂಧ್ಯಾವಂದನೆಯಲ್ಲಿ ಎಡದಿಂದ ಉಸಿರೆಳೆದು, ತಡೆದು, ಬಲದಿಂದ ಬಿಡಬೇಕೆಂಬುದು ವಿಧಿ. ನಾನೋ ಎಳೆಯುವುದೂ ಬಿಡುವುದೂ ಬಲದಿಂದಲೇ. ವಯಸ್ಸಾದಂತೆ ಅದೂ ಸಾಲದೆ, ಮಂತ್ರದ ನಡುವೆ ಮೀನಿನಂತೆ ಬಾಯಿ ತೆರೆಯತೊಡಗಿದೆ. ಜಪವೇ ನಿಂತುಹೋದೀತೆಂಬ ಭಯ ನನ್ನನ್ನು ಹಿಡಿಯಿತು.

ಮಡಿಕೇರಿಯ ಆಸ್ಪತ್ರೆಗೆ ಇಂಗ್ಲಿಷರ ಸೀಮೆಯಿಂದ ಹೊಸದಾಗಿ ಬಂದಿದ್ದ ದೊರೆ ಡಾಕ್ಟರು ಮೂಗಿನೊಳಗೆ ದೀಪ ಹಾಯಿಸಿ, "ಒಳಗೆ ಗೋಡೆ ಡೊಂಕು ಉಂಟು. ಕೊಯ್ದು ಸರಿ ಮಾಡುವೆನು" ಎಂದರು. ಹೊರಗಿನ ಡೊಂಕನ್ನೂ ನೆಟ್ಟಗೆ ಮಾಡಲಾದೀತೇ ಎಂದು ನಾನು ಮೆಲ್ಲಗೆ ವಿಚಾರಿಸಿದೆ. ಜೊತೆಗಿದ್ದ ನನ್ನ ಮಡದಿ ಸೀತಮ್ಮ, "ಈ ವಯಸ್ಸಿನಲ್ಲಿ ಯಾರಿಗೆ ತೋರಿಸೋಕಂತೆ?" ಎಂದಳು. ಡಾಕ್ಟರು ನಕ್ಕು ಒಳಗಿನ, ಹೊರಗಿನ ಎರಡು ಡೊಂಕನ್ನೂ ತಿದ್ದಲು ಒಪ್ಪಿದರು.

ಮೇಜಿನ ಮೇಲೆ ಮಲಗಿದೆ. ಶನಿವಾರಸಂತೆಯ ಕಡೆಯವನಾದ ಕಂಪೌಂಡರ್ ಪುಟ್ಟಯ್ಯ ಕ್ಲೋರೋಫಾರ್ಮಿನ ಬಟ್ಟೆಯನ್ನು ಮುಖಕ್ಕೆ ಹಿಡಿದು, "ಜೋರಾಗಿ ಉಸ್ರು ಎಳೀರಿ ಸ್ವಾಮಿ" ಎಂದ. ಭಯ ಹುಟ್ಟಿದೊಡನೆ ದೇವರ ನೆನಪಾಯಿತು. ದೇವರ ನೆನಪಾದೊಡನೆ ಕೈ ಅಭ್ಯಾಸಬಲದಿಂದ ಬಟ್ಟೆಯಡಿ ನುಸುಳಿ ಮೂಗನ್ನು ಹಿಡಿಯಿತು. ಉಸಿರು ಕಟ್ಟಿ ಮನಸ್ಸಿನಲ್ಲೇ ಗಾಯತ್ರಿಯನ್ನು ಆರಂಭಿಸಿದೆ.

"ಅಯ್ಯೋ, ಎಳೀರಿ ಅಂದ್ರೆ ಬಿಗಿ ಹಿಡ್ಕಂಡವ್ರಲ್ಲಪ್ಪ! ಉಸ್ರು ಬುಡಿ ಸ್ವಾಮಿ!"

ಡಾಕ್ಟರು ಗಾಬರಿಯಿಂದ ನಾಡಿ ಹಿಡಿದರು.

"ಏನೂ ಆಗಿಲ್ಲ ದೊರೆ, ಜಪಕ್ಕೆ ಕುಂತವ್ರೆ. ಮಲಗ್ಕಂಡೇ!"

"ಹಾಗಾದರೆ ಮುಗಿಯಲಿ" ಎಂದು ಆ ಪುಣ್ಯಾತ್ಮರು ಕತ್ತಿಯನ್ನು ಕೆಳಗಿಟ್ಟು ಕಾದರು. ಮಂತ್ರ ಮುಗಿದು ನಾನೆಳೆದ ದೀರ್ಘಶ್ವಾಸದೊಂದಿಗೆ ಲೋಕವೇ ಮರೆಯಾಯಿತು.

ಕಟ್ಟು ಬಿಚ್ಚಿದ ದಿನ ಎಡ ಹೊಳ್ಳೆಯಲ್ಲಿ ತಣ್ಣನೆಯ ಗಾಳಿ ನಡೆದುಬಂದಿತು. ನನ್ನ ಕಣ್ಣು ತುಂಬಿತು. ಆದರೆ ಕನ್ನಡಿಯಲ್ಲಿ ನೋಡಿದರೆ ಮೂಗು ಮೊದಲಿನಷ್ಟೇ ಡೊಂಕು! "ಇದನ್ನು ಮರೆತಿರೇ?" ಎಂದೆ. ಡಾಕ್ಟರು ಸೀತಮ್ಮನತ್ತ ನೋಡಿದರು.

ಆಕೆ ಸೆರಗಿನ ತುದಿಯನ್ನು ತಿರುವುತ್ತ, "ನಾನೇ ಬೇಡ ಅಂತ ಒಳಗೆ ಹೇಳಿ ಕಳಿಸಿದೆ. ಮದುವೇಲಿ ಅಂತರಪಟ ಸರಿಸಿದಾಗ ನನಗೆ ಮೊದಲು ಕಂಡಿದ್ದು ಆ ಮೂಗೇ. ಈಗ ಯಾರದೋ ಮೂಗು ಇಟ್ಟುಕೊಂಡು ಮನೆಗೆ ಬಂದರೆ ಎಲೆ ಯಾರಿಗೆ ಅಂತ ಹಾಕಲಿ?" ಎಂದಳು.

ನಾನು ಕನ್ನಡಿಯನ್ನು ಹಿಂದಿರುಗಿಸಿದೆ. ಅಂದಿನಿಂದ ಯಾರೇ ಎದುರಾದರೂ ಡೊಂಕಿನ ಪಾರ್ಶ್ವವನ್ನೇ ಮುಂದುಮಾಡಿ ನಿಲ್ಲುವ ಹೊಸ ಬಿಂಕವೊಂದು ನನಗಂಟಿಕೊಂಡಿದೆ. ಅದಕ್ಕೆ ಯಾವ ಆಸ್ಪತ್ರೆಯಲ್ಲೂ ಮದ್ದಿರಲಾರದು. ಕಾದು ನಿಂತ ಡಾಕ್ಟರಿಗೂ, ಗದರಿ ಬದುಕಿಸಿದ ಪುಟ್ಟಯ್ಯನಿಗೂ, ಈ ಮೂಗಿನ ಪರವಾಗಿ ಮಾತಾಡಿದ ನನ್ನ ಮನೆಯಾಕೆಗೂ ಭಗವಂತನು ನಿರಾಯಾಸವಾದ ದೀರ್ಘ ಉಸಿರನ್ನು ಅನುಗ್ರಹಿಸಲಿ.